ರಜೆ ಅರ್ಜಿಯಲ್ಲಿ ಕಾಯಿಲೆ ಎಷ್ಟು ಬರೆಯಬೇಕು?

ಶಿಕ್ಷಕರು ನಾಲ್ಕು ದಿನ ಶಾಲೆಗೆ ಬರದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ‘ಮೇಡಂಗೆ ಏನಂತೆ?’ ಎಂದು ಮಕ್ಕಳು ಮನೆಯಲ್ಲಿ ಕೇಳುತ್ತಾರೆ, ಮನೆಯವರು ಅಂಗಡಿಯಲ್ಲಿ ಕೇಳುತ್ತಾರೆ, ಎಸ್‌ಡಿಎಂಸಿ ಸದಸ್ಯರು ಮುಖ್ಯ ಶಿಕ್ಷಕರನ್ನೇ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರಿಗೆ ಇರುವುದು ಕಾಳಜಿಯೇ. ಆದರೆ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಗರ್ಭಪಾತವಾದವರು, ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಕ್ಯಾನ್ಸರ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುವವರು ಆ ಕಾಳಜಿಗೆ ಹೆದರುತ್ತಾರೆ. ಹೆದರಿ, ಕೆಲವರು ರಜೆಯನ್ನೇ ಹಾಕದೆ ನರಳುತ್ತಾ ಪಾಠ ಮಾಡುತ್ತಾರೆ. ಇನ್ನು ಕೆಲವರು ಇಲ್ಲದ ಕಾಯಿಲೆಯ ಸರ್ಟಿಫಿಕೇಟ್ ತಂದುಕೊಟ್ಟು ಆಮೇಲೆ ತೊಂದರೆಗೆ ಸಿಕ್ಕುತ್ತಾರೆ.

ಎರಡೂ ಬೇಕಿಲ್ಲ. ಸುಳ್ಳು ಹೇಳದೆಯೂ ಕಾಯಿಲೆಯ ವಿವರವನ್ನು ನಿಮ್ಮಲ್ಲೇ ಉಳಿಸಿಕೊಂಡು ರಜೆ ಪಡೆಯಬಹುದು. ಯಾರಿಗೆ, ಎಷ್ಟು, ಯಾವ ಕಾಗದದ ಮೂಲಕ ತಿಳಿಸಬೇಕು ಎಂಬುದು ಗೊತ್ತಿದ್ದರಾಯಿತು. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರ ವಿಷಯ. ಖಾಸಗಿ ಶಾಲೆಯವರಿಗೆ ರಜೆಯ ನಿಯಮ ಬೇರೆ ಇದ್ದರೂ ಗೋಪ್ಯತೆಯ ಮಾತು ಬಹುಪಾಲು ಅನ್ವಯಿಸುತ್ತದೆ.

ಕಾನೂನಿನ ಬಲ ಎಷ್ಟಿದೆ?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರಿ ನೌಕರರಾದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ವೈದ್ಯಕೀಯ ದಾಖಲೆ, ಪಡೆದ ಚಿಕಿತ್ಸೆ, ಹೋದ ಆಸ್ಪತ್ರೆ, ಕಂಡ ವೈದ್ಯರು, ಇವೆಲ್ಲ ವೈಯಕ್ತಿಕ ಮಾಹಿತಿಯೇ ಎಂದು 2019ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ವೈದ್ಯರಿಗೆ ಕಟ್ಟುಪಾಡು ಇನ್ನೂ ಬಿಗಿ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ, ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ, ಈ ಮೂರು ಸಂದರ್ಭ ಬಿಟ್ಟರೆ ರೋಗಿಯ ಗುಟ್ಟನ್ನು ಅವರು ಹೊರಹಾಕುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017, 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆ, ಇವು ಆಯಾ ಸ್ಥಿತಿಗೆ ಪ್ರತ್ಯೇಕ ರಕ್ಷಣೆ ಕೊಡುತ್ತವೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರಗಳನ್ನು ಅನಧಿಕೃತವಾಗಿ ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಇಷ್ಟೆಲ್ಲ ಇದ್ದರೂ ಗುಟ್ಟು ರಟ್ಟಾಗುವುದು ಏಕೆ? ಹೆಚ್ಚಿನ ಸಲ ಅದು ಆಸ್ಪತ್ರೆಯಿಂದ ಹೊರಬೀಳುವುದಿಲ್ಲ, ನಾವೇ ಕೊಟ್ಟ ಕಾಗದದಿಂದ ಹೊರಬೀಳುತ್ತದೆ.

ಕಾಗದ ಹೇಗೆ ಬಾಯಿ ಬಿಡುತ್ತದೆ?

ಒಂದು ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಕಾಯಿಲೆಯ ಹೆಸರು ಬರೆಯುವ ಸಾಲಿಗೆ ಕಣ್ಣು ಹೋಗುವ ಮೊದಲೇ ಮೇಲಿನ ಲೆಟರ್‌ಹೆಡ್ ಕಾಣುತ್ತದೆ. ‘ಕಿದ್ವಾಯಿ’ ಎಂದಿದ್ದರೆ ಓದುವವರು ಕ್ಯಾನ್ಸರ್ ಅಂದುಕೊಳ್ಳುತ್ತಾರೆ, ‘ನಿಮ್ಹಾನ್ಸ್’ ಎಂದಿದ್ದರೆ ಮಾನಸಿಕ ಕಾಯಿಲೆ ಅಂದುಕೊಳ್ಳುತ್ತಾರೆ, ‘ಜಯದೇವ’ ಎಂದಿದ್ದರೆ ಹೃದಯ. ನಿಮ್ಹಾನ್ಸ್‌ಗೆ ನೀವು ಹೋದದ್ದು ತಲೆನೋವಿಗೋ ಬೆನ್ನುಹುರಿಯ ತೊಂದರೆಗೋ ಇರಬಹುದು, ಊಹೆಗೆ ಅದರ ಹಂಗಿಲ್ಲ. ಕೆಳಗೆ ವೈದ್ಯರ ರಬ್ಬರ್ ಮೊಹರು ಇರುತ್ತದೆ: ‘ಮನೋವೈದ್ಯರು’, ‘ಸ್ತ್ರೀರೋಗ ತಜ್ಞರು’. ಜೊತೆಗೆ ಪಿನ್ ಮಾಡಿದ ಒಪಿಡಿ ಚೀಟಿಯಲ್ಲಿ ವಿಭಾಗದ ಹೆಸರು, ಔಷಧಿ ಚೀಟಿಯಲ್ಲಿ ಮಾತ್ರೆಯ ಹೆಸರು. ಮಾತ್ರೆಯ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಕಾಯಿಲೆ ತಿಳಿಯುತ್ತದೆ.

ಆಮೇಲೆ ಆ ಕಾಗದದ ಪಯಣ. ಮುಖ್ಯ ಶಿಕ್ಷಕರ ಮೇಜು, ಸಿಆರ್‌ಪಿ, ಬಿಇಒ ಕಚೇರಿಯ ಟಪಾಲು ವಿಭಾಗ, ವಿಷಯ ನಿರ್ವಾಹಕರು, ಮ್ಯಾನೇಜರ್, ಬಿಇಒ. ಇವರಲ್ಲಿ ರಜೆ ಮಂಜೂರು ಮಾಡುವ ಅಧಿಕಾರ ಇರುವುದು ಒಬ್ಬರಿಗೆ, ಆದರೆ ಕಾಗದ ಎಲ್ಲರ ಕಣ್ಣಿಗೂ ಬೀಳುತ್ತದೆ. ‘ಅರ್ಜೆಂಟಿದೆ, ಫೋಟೊ ಹಾಕಿಬಿಡಿ’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸಿಕೊಂಡರಂತೂ ಮುಗಿಯಿತು, ಕ್ಲಸ್ಟರಿನ ಎಲ್ಲ ಶಾಲೆಗಳ ಶಿಕ್ಷಕರ ಫೋನಿನಲ್ಲೂ ನಿಮ್ಮ ಸರ್ಟಿಫಿಕೇಟ್ ಉಳಿಯುತ್ತದೆ.

ಕಚೇರಿಗೆ ಬೇಕಾದದ್ದು ಮೂರೇ ಸಂಗತಿ

ರಜೆ ಮಂಜೂರು ಮಾಡುವವರು ತೀರ್ಮಾನಿಸಬೇಕಾದದ್ದು ಇಷ್ಟು: ಎಂದಿನಿಂದ ಎಂದಿನವರೆಗೆ ರಜೆ ಬೇಕು? ಅಷ್ಟು ದಿನ ಕೆಲಸಕ್ಕೆ ಬರಲಾಗದೆಂದು ಅರ್ಹ ವೈದ್ಯರು ಪ್ರಮಾಣೀಕರಿಸಿದ್ದಾರೆಯೇ? ಖಾತೆಯಲ್ಲಿ ಅಷ್ಟು ರಜೆ ಇದೆಯೇ? ಸೇವಾ ಪುಸ್ತಕದಲ್ಲಿ ನಮೂದಾಗಬೇಕಾದದ್ದೂ ರಜೆಯ ವಿಧ, ದಿನಾಂಕ, ಮಂಜೂರಾತಿ ಆದೇಶದ ಸಂಖ್ಯೆ. ವೇತನ ಬಿಲ್ಲಿಗೂ ಎಚ್‌ಆರ್‌ಎಂಎಸ್‌ಗೂ ಸಾಕಾಗುವುದು ಅದೇ.

ಅಧಿಕಾರಿಗೆ ಸಂಶಯ ಬಂದರೆ ಎರಡನೇ ವೈದ್ಯಕೀಯ ಅಭಿಪ್ರಾಯಕ್ಕೆ ಕಳಿಸಬಹುದು. ಅದು ಅವರ ಅಧಿಕಾರ, ಅದಕ್ಕೆ ನೀವು ಒಪ್ಪಬೇಕು. ಆದರೆ ಆಗಲೂ ನಿಮ್ಮನ್ನು ಪರೀಕ್ಷಿಸುವುದು ವೈದ್ಯರೇ. ಸ್ಟಾಫ್ ರೂಮಿನಲ್ಲಿ ‘ಏನಾಗಿದೆ, ತೋರಿಸಿ’ ಎಂದು ಕೇಳುವುದು ಈ ನಿಯಮದೊಳಗೆ ಬರುವುದಿಲ್ಲ.

ಹೀಗೆ ಮಾಡಿ

1. ಮೊದಲು ರಜೆಯ ವಿಧ ಆರಿಸಿ. ಒಂದೆರಡು ದಿನದ ಮಾತಾದರೆ ಸಾಂದರ್ಭಿಕ ರಜೆ ಸಾಕು, ‘ಅನಾರೋಗ್ಯ’ ಎಂಬ ಒಂದು ಪದ ಬರೆದರಾಯಿತು. ಹೆಚ್ಚು ದಿನ ಬೇಕಾದರೆ ಪರಿವರ್ತಿತ ರಜೆ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಪೂರ್ಣ ವೇತನ ಸಿಗುತ್ತದೆ, ಆದರೆ ಅರ್ಧ ವೇತನ ರಜೆಯ ಖಾತೆಯಿಂದ ಎರಡು ಪಟ್ಟು ಕಳೆಯುತ್ತಾರೆ. 15 ದಿನ ತೆಗೆದುಕೊಂಡರೆ 30 ದಿನ ಖರ್ಚು. ವರ್ಷಕ್ಕೆ 20 ದಿನದಂತೆ ಜಮೆಯಾಗುವ ಅರ್ಧ ವೇತನ ರಜೆಯನ್ನು ಖಾಸಗಿ ಕಾರಣಕ್ಕೂ ಕೇಳಬಹುದು. ಗಳಿಕೆ ರಜೆಗೂ ಕಾಯಿಲೆಯ ಕಾರಣವೇ ಆಗಬೇಕೆಂದಿಲ್ಲ. ಆಸ್ಪತ್ರೆಯ ಯಾವ ಕಾಗದವೂ ಕಚೇರಿಗೆ ಹೋಗಬಾರದು ಎನ್ನುವವರಿಗೆ ಈ ಎರಡು ದಾರಿ ಇವೆ. ಬೆಲೆ ಏನೆಂದರೆ, ಒಂದರಲ್ಲಿ ಅರ್ಧ ಸಂಬಳ ಹೋಗುತ್ತದೆ, ಎರಡರಲ್ಲೂ ‘ಈಗ ರಜೆ ಆಗದು’ ಎನ್ನಲು ಅಧಿಕಾರಿಗೆ ಹೆಚ್ಚು ಅವಕಾಶವಿರುತ್ತದೆ.

2. ವೈದ್ಯರ ಜೊತೆ ಮೊದಲೇ ಮಾತಾಡಿ. ರಜೆಗೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲಿ ‘ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ’ ಎಂಬ ಜಾಗ ಇದ್ದೇ ಇದೆ. ಅದನ್ನು ಖಾಲಿ ಬಿಟ್ಟರೆ ಕಚೇರಿಯಿಂದ ವಾಪಸ್ ಬರಬಹುದು. ಆದ್ದರಿಂದ ನಿಜವೂ ಆಗಿರುವ, ಅತಿ ವಿವರವೂ ಇಲ್ಲದ ಮಾತು ಬರೆಯಲು ಕೇಳಿ: ‘ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ’, ‘ನಿರಂತರ ಚಿಕಿತ್ಸೆ ಬೇಕಿರುವ ಅನಾರೋಗ್ಯ’. ‘ಸಾರ್, ಇದು ಹತ್ತು ಜನರ ಕೈ ದಾಟಿ ಹೋಗುವ ಕಾಗದ’ ಎಂದು ಬಿಡಿಸಿ ಹೇಳಿದರೆ ಸಾಮಾನ್ಯವಾಗಿ ವೈದ್ಯರು ಅರ್ಥ ಮಾಡಿಕೊಳ್ಳುತ್ತಾರೆ.

3. ಲೆಟರ್‌ಹೆಡ್ ಗಮನಿಸಿ. ವಿಶೇಷ ಆಸ್ಪತ್ರೆಯ ಹೆಸರು ಕಾಣುವುದು ಬೇಡವಾದರೆ, ದಾಖಲೆಗಳನ್ನು ತೆಗೆದುಕೊಂಡು ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಯನ್ನೋ ನಿಮ್ಮ ಕುಟುಂಬ ವೈದ್ಯರನ್ನೋ ಕಾಣಿ. ಅವರು ನಿಮ್ಮನ್ನು ಖುದ್ದಾಗಿ ಪರೀಕ್ಷಿಸಿ, ದಾಖಲೆ ನೋಡಿ, ವಿಶ್ರಾಂತಿ ಅಗತ್ಯವೆಂದು ಮನವರಿಕೆಯಾದರೆ ಪ್ರಮಾಣಪತ್ರ ಕೊಡಬಹುದು. ಪರೀಕ್ಷಿಸದೆ ಕೊಡುವ ಚೀಟಿಯ ಸಹವಾಸ ಬೇಡ.

4. ಬೇರೇನನ್ನೂ ಲಗತ್ತಿಸಬೇಡಿ. ಅರ್ಜಿಯ ಜೊತೆ ಹೋಗಬೇಕಾದದ್ದು ಪ್ರಮಾಣಪತ್ರ ಮಾತ್ರ. ಸ್ಕ್ಯಾನ್ ವರದಿ, ರಕ್ತಪರೀಕ್ಷೆ, ಔಷಧಿ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಇವೆಲ್ಲ ನಿಮ್ಮ ಮನೆಯ ಫೈಲಿನಲ್ಲಿರಲಿ. ಅಧಿಕಾರಿ ಲಿಖಿತವಾಗಿ ಕೇಳಿದರೆ, ಯಾವ ಕಾರಣಕ್ಕೆ ಎಂದು ತಿಳಿದುಕೊಂಡು ಆಗ ಕೊಡಿ.

5. ಮುಚ್ಚಿದ ಲಕೋಟೆ ಬಳಸಿ. ಅರ್ಜಿಯನ್ನು ತೆರೆದೇ ಕೊಡಿ. ಪ್ರಮಾಣಪತ್ರವನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ‘ಗೋಪ್ಯ – ವೈದ್ಯಕೀಯ ದಾಖಲೆ. ರಜೆ ಮಂಜೂರು ಮಾಡುವ ಅಧಿಕಾರಿಗಳ ಪರಿಶೀಲನೆಗೆ ಮಾತ್ರ’ ಎಂದು ಬರೆದು ಸಹಿ ಮಾಡಿ. ಅಂಟಿಸುವ ಮೊದಲು ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

6. ಫೋನಿನಲ್ಲಿ ಎರಡೇ ಮಾತು. ಬೆಳಗ್ಗೆ ಎದ್ದಾಗ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ಖುದ್ದಾಗಿ ಫೋನು ಮಾಡಿ ಅಥವಾ ಅವರೊಬ್ಬರಿಗೇ ಸಂದೇಶ ಕಳಿಸಿ: ‘ಸರ್, ಆರೋಗ್ಯ ಸರಿಯಿಲ್ಲ, ವೈದ್ಯರು ಗುರುವಾರದವರೆಗೆ ವಿಶ್ರಾಂತಿ ಹೇಳಿದ್ದಾರೆ. ಏಳನೇ ತರಗತಿಯ ಗಣಿತ ಎಂಟನೇ ಪಾಠದವರೆಗೆ ಆಗಿದೆ.’ ತರಗತಿಯ ವಿವರ ಎಷ್ಟು ಕೊಡುತ್ತೀರೋ, ಕಾಯಿಲೆಯ ಪ್ರಶ್ನೆ ಅಷ್ಟು ಕಡಿಮೆಯಾಗುತ್ತದೆ. ಮುಖ್ಯ ಶಿಕ್ಷಕರ ನಿಜವಾದ ತಲೆಬಿಸಿ ತರಗತಿ ನೋಡಿಕೊಳ್ಳುವವರು ಯಾರು ಎಂಬುದೇ.

7. ಮರಳುವಾಗಲೂ ಎಚ್ಚರ. ವೈದ್ಯಕೀಯ ಕಾರಣದ ರಜೆ ಮುಗಿಸಿ ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ‘ಕರ್ತವ್ಯಕ್ಕೆ ಹಾಜರಾಗಲು ಸಮರ್ಥರಿದ್ದಾರೆ’ ಎಂಬ ಒಂದು ಸಾಲು ಅದಕ್ಕೆ ಸಾಕು. ನಿಂತು ಪಾಠ ಮಾಡುವುದು ಕಷ್ಟ, ಮಹಡಿ ಹತ್ತಬಾರದು ಎಂಬಂಥ ಅಗತ್ಯವಿದ್ದರೆ ಅದನ್ನೇ ಬರೆಸಿ. ಏನು ಮಾಡಲಾಗದು ಎಂಬುದು ಶಾಲೆಗೆ ಉಪಯೋಗಕ್ಕೆ ಬರುವ ಮಾಹಿತಿ, ಏಕೆ ಎಂಬುದು ನಿಮಗೆ ಸೇರಿದ್ದು.

ಅರ್ಜಿಯ ಮಾದರಿ

ಇವರಿಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ........ ತಾಲ್ಲೂಕು
ಮೂಲಕ: ಮುಖ್ಯ ಶಿಕ್ಷಕರು, ........ ಶಾಲೆ
ವಿಷಯ: ವೈದ್ಯಕೀಯ ಕಾರಣದ ಮೇಲೆ ಪರಿವರ್ತಿತ ರಜೆ ಮಂಜೂರು ಮಾಡುವ ಬಗ್ಗೆ

ಮಾನ್ಯರೇ,
ಅನಾರೋಗ್ಯದ ನಿಮಿತ್ತ ವೈದ್ಯರು ನನಗೆ ದಿನಾಂಕ ........ರಿಂದ ........ರವರೆಗೆ ಒಟ್ಟು ........ ದಿನಗಳ ವಿಶ್ರಾಂತಿ ಸೂಚಿಸಿದ್ದಾರೆ. ಸದರಿ ಅವಧಿಗೆ ಪರಿವರ್ತಿತ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ವೈದ್ಯಕೀಯ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಲಗತ್ತಿಸಿದ್ದು, ಅದನ್ನು ಗೋಪ್ಯ ದಾಖಲೆಯಾಗಿ ಇಡಬೇಕೆಂದು ವಿನಂತಿಸುತ್ತೇನೆ. ರಜೆ ಅವಧಿಯ ವಿಳಾಸ: ........
ತಮ್ಮ ವಿಶ್ವಾಸಿ,
(ಸಹಿ, ಹೆಸರು, ಪದನಾಮ, ದಿನಾಂಕ)

ನಿಗದಿತ ನಮೂನೆ ತುಂಬಬೇಕಿದ್ದರೆ ‘ರಜೆ ಕೋರಿರುವ ಕಾರಣ’ ಎಂಬಲ್ಲಿ ‘ವೈದ್ಯಕೀಯ ಕಾರಣ – ಪ್ರಮಾಣಪತ್ರ ಲಗತ್ತಿಸಿದೆ’ ಎಂದಷ್ಟೇ ಬರೆಯಿರಿ.

ಇಲ್ಲಿ ಮಾತ್ರ ಹೇಳಲೇಬೇಕು

ಗೋಪ್ಯತೆಗೆ ಮಿತಿಯೂ ಇದೆ. ಅದನ್ನು ತಿಳಿಯದೆ ಪಟ್ಟು ಹಿಡಿದರೆ ನಷ್ಟ ನಿಮಗೇ.

*ಹರಡುವ ರೋಗ.* ಚಿಕನ್‌ಪಾಕ್ಸ್, ಕ್ಷಯದಂಥ ಕಾಯಿಲೆಯಲ್ಲಿ ಮಕ್ಕಳ ಸುರಕ್ಷತೆ ಮೊದಲು. ಕ್ಷಯವು 2012ರಿಂದ ದೇಶದಲ್ಲಿ ವರದಿ ಮಾಡಲೇಬೇಕಾದ ರೋಗ. ವೈದ್ಯರು ವರದಿ ಮಾಡುವುದು ಆರೋಗ್ಯ ಇಲಾಖೆಗೆ, ನಿಮ್ಮ ಶಾಲೆಗಲ್ಲ. ತರಗತಿಗೆ ಯಾವಾಗ ಮರಳಬಹುದೆಂದು ವೈದ್ಯರು ಹೇಳುವವರೆಗೆ ಹೋಗಬೇಡಿ. ಮಕ್ಕಳ ತಪಾಸಣೆ ಅಗತ್ಯವಾದರೆ ನಿಮ್ಮ ಹೆಸರು ಹೇಳದೆ ಮಾಡುವಂತೆ ಆರೋಗ್ಯ ಸಿಬ್ಬಂದಿಯನ್ನು ಕೇಳಿಕೊಳ್ಳಿ.

*ವೈದ್ಯಕೀಯ ವೆಚ್ಚ ಮರುಪಾವತಿ.* ಕರ್ನಾಟಕ ಸರ್ಕಾರಿ ನೌಕರರ ವೈದ್ಯಕೀಯ ಹಾಜರಾತಿ ನಿಯಮಗಳು 1963ರ ಅಡಿ ಹಣ ಕೇಳುವಾಗ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಕೊಡಲೇಬೇಕು. ಅಲ್ಲಿ ಕಾಯಿಲೆಯ ಹೆಸರು ಮುಚ್ಚಿಡಲಾಗದು. ಆದರೆ ಇದು ರಜೆ ಕಡತಕ್ಕಿಂತ ಬೇರೆಯದೇ ಕಡತ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಕೊಡಬೇಡಿ. ಆರೋಗ್ಯ ಸಂಜೀವಿನಿ ಯೋಜನೆಯಡಿ ನಗದುರಹಿತ ಚಿಕಿತ್ಸೆ ಸಿಗುವಂತಿದ್ದರೆ ಅದನ್ನೇ ಬಳಸಿ, ಬಿಲ್ಲುಗಳು ನಿಮ್ಮ ಕಚೇರಿಯ ಮೇಜಿಗೆ ಬರುವುದು ತಪ್ಪುತ್ತದೆ.

*ವಿಶೇಷ ಸೌಲಭ್ಯ.* ತೀವ್ರ ಕಾಯಿಲೆಯ ಆಧಾರದಲ್ಲಿ ವರ್ಗಾವಣೆಗೆ ಆದ್ಯತೆ ಬೇಕಾದರೆ ಕಾಯಿಲೆಯನ್ನು ದಾಖಲೆ ಸಮೇತ ತೋರಿಸಲೇಬೇಕು. ಗರ್ಭಪಾತಕ್ಕೆಂದೇ ಇರುವ ರಜೆ ಕೇಳಿದರೆ ರಜೆಯ ಹೆಸರೇ ವಿಷಯ ಹೇಳಿಬಿಡುತ್ತದೆ. ಅದು ನಿಮ್ಮ ಖಾತೆಯ ರಜೆ ತಿನ್ನುವುದಿಲ್ಲ, ಪರಿವರ್ತಿತ ರಜೆ ತಿನ್ನುತ್ತದೆ. ಯಾವುದು ಮುಖ್ಯ ಎಂಬುದನ್ನು ನೀವೇ ತೂಗಿ ನೋಡಿ. ಯಾವುದನ್ನು ಆರಿಸಿದರೂ ತಪ್ಪಿಲ್ಲ.

*ಕೆಲಸ ಹೋಗುವ ಭಯ.* ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ ಎಂದು ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 20 ಹೇಳುತ್ತದೆ. ಇಂಥ ರಕ್ಷಣೆ ಬೇಕಾದಾಗ ಮುಚ್ಚಿಡುವುದಕ್ಕಿಂತ ದಾಖಲೆ ಮಾಡಿಸುವುದೇ ಲಾಭ.

ಸಾಮಾನ್ಯವಾಗಿ ಆಗುವ ತಪ್ಪುಗಳು

• *ಸುಳ್ಳು ಕಾಯಿಲೆ ಬರೆಸುವುದು.* ರಜೆಯ ಚೀಟಿಯಲ್ಲಿ ‘ಬೆನ್ನುನೋವು’, ಮರುಪಾವತಿ ಬಿಲ್ಲಿನಲ್ಲಿ ‘ಕಿಮೊಥೆರಪಿ’ ಎಂದಿದ್ದರೆ ಕಡತಕ್ಕೆ ಆಕ್ಷೇಪಣೆ ಬಿದ್ದೇ ಬೀಳುತ್ತದೆ. ನಿಮಗೆ ಇಲಾಖಾ ವಿಚಾರಣೆ, ಸುಳ್ಳು ಪ್ರಮಾಣಪತ್ರ ಕೊಟ್ಟ ವೈದ್ಯರಿಗೆ ನೋಂದಣಿ ಕಳೆದುಕೊಳ್ಳುವ ಅಪಾಯ. ಕಡಿಮೆ ಹೇಳುವುದು ಹಕ್ಕು, ಸುಳ್ಳು ಹೇಳುವುದು ಅಪರಾಧ.

• *ಒಬ್ಬ ಸಹೋದ್ಯೋಗಿಗೆ ‘ಯಾರಿಗೂ ಹೇಳಬೇಡಿ’ ಎಂದು ಎಲ್ಲ ಹೇಳುವುದು.* ಆಪ್ತರಿಗೆ ಹೇಳಿಕೊಂಡು ಹಗುರಾಗುವುದು ಬೇರೆ, ನೆಪಕ್ಕೆ ವಿವರಿಸುವುದು ಬೇರೆ. ಎರಡನೆಯದಕ್ಕೆ ‘ಈಗ ಪರವಾಗಿಲ್ಲ, ಕೇಳಿದ್ದಕ್ಕೆ ಖುಷಿಯಾಯ್ತು’ ಎಂದರೆ ಸಾಕು.

• *ಕಾರ್ಡು, ಚೀಟಿಗಳನ್ನು ಶಾಲೆಯ ಬೀರುವಿನಲ್ಲಿ ಬಿಡುವುದು.* ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಸಂದೇಶ ಕಾಣುವಂತೆ ಫೋನನ್ನು ಮೇಜಿನ ಮೇಲಿಡುವುದೂ ಇದೇ ಸಾಲಿಗೆ ಸೇರುತ್ತದೆ.

• *ಅರ್ಜಿಯೇ ಕೊಡದೆ ಮನೆಯಲ್ಲಿ ಉಳಿಯುವುದು.* ಸಂಕೋಚಕ್ಕೆ ಸುಮ್ಮನಿದ್ದರೆ ಅದು ಅನಧಿಕೃತ ಗೈರುಹಾಜರಿಯಾಗುತ್ತದೆ. ನೋಟಿಸು ಬಂದ ಮೇಲೆ ಕಾಯಿಲೆಯನ್ನು ಇನ್ನೂ ಹೆಚ್ಚು ಜನರ ಮುಂದೆ ಬಿಡಿಸಿ ಹೇಳಬೇಕಾಗುತ್ತದೆ.

ವಿಷಯ ಹೊರಬಿದ್ದರೆ ಏನು ಮಾಡಬೇಕು?

1. ಸಂದೇಶ, ಫೋಟೊ ಹಂಚಿಕೆಯಾಗಿದ್ದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಹಾಕಿದವರಿಗೆ ತೆಗೆಯುವಂತೆ ಹೇಳಿ. ಬಹಳ ಸಲ ಅದು ದುರುದ್ದೇಶವಲ್ಲ, ಅಜಾಗರೂಕತೆ. ಅಲ್ಲಿಗೇ ಮುಗಿಯಬಹುದು.

2. ಮುಗಿಯದಿದ್ದರೆ ಬಿಇಒಗೆ, ಅಗತ್ಯವಾದರೆ ಡಿಡಿಪಿಐಗೆ ಲಿಖಿತ ದೂರು ಕೊಡಿ. ಕಚೇರಿಯ ಮಾಹಿತಿಯನ್ನು ಸಂಬಂಧವಿಲ್ಲದವರಿಗೆ ಕೊಡುವುದನ್ನು ಸರ್ಕಾರಿ ನೌಕರರ ನಡತೆ ನಿಯಮಗಳು ಒಪ್ಪುವುದಿಲ್ಲ. ದೂರಿನಲ್ಲಿ ಕಾಯಿಲೆಯ ಹೆಸರನ್ನು ಮತ್ತೆ ಬರೆಯಬೇಡಿ.

3. ಸೋರಿದ್ದು ವೈದ್ಯರಿಂದಲೇ ಎಂದಾದರೆ ದೂರು ಹೋಗಬೇಕಾದದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ನಿಮ್ಮ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡುವುದೂ ವೈದ್ಯರ ಕರ್ತವ್ಯ.

4. ಯಾರಾದರೂ ಮಾಹಿತಿ ಹಕ್ಕಿನಡಿ ನಿಮ್ಮ ರಜೆಯ ಕಡತ ಕೇಳಿ, ಕಚೇರಿಯು ಅದನ್ನು ಕೊಡಲು ಯೋಚಿಸಿದರೆ, ಮೂರನೇ ವ್ಯಕ್ತಿಯಾದ ನಿಮಗೆ ನೋಟಿಸು ಬರಬೇಕು. ನೋಟಿಸು ತಲುಪಿದ 10 ದಿನದೊಳಗೆ ಆಕ್ಷೇಪಣೆ ಸಲ್ಲಿಸಿ. ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪನ್ನು ಉಲ್ಲೇಖಿಸಿ. ಎಷ್ಟು ದಿನ ರಜೆಯಲ್ಲಿದ್ದಿರಿ ಎಂಬುದು ಹೊರಹೋದರೂ, ಪ್ರಮಾಣಪತ್ರದ ಪ್ರತಿ ಹೋಗದಂತೆ ನೋಡಿಕೊಳ್ಳುವುದು ಮುಖ್ಯ.

ಮುಖ್ಯ ಶಿಕ್ಷಕರಿಗೆ ಒಂದು ಮಾತು

ಈ ವ್ಯವಸ್ಥೆ ಅರ್ಧ ನಿಂತಿರುವುದು ನಿಮ್ಮ ಮೇಲೆ. ಹಾಜರಿ ಪುಸ್ತಕದಲ್ಲಿ ರಜೆಯ ವಿಧ ಮಾತ್ರ ಬರೆಯಿರಿ. ವೈದ್ಯಕೀಯ ಪ್ರಮಾಣಪತ್ರಗಳಿಗೆ ಬೇರೆ ಫೈಲು ಮಾಡಿ, ಬೀಗ ಇರುವ ಕಡೆ ಇಡಿ. ಗುಂಪಿಗೆ ಫೋಟೊ ಹಾಕಿಸಬೇಡಿ. ಪೋಷಕರು ಕೇಳಿದರೆ ‘ರಜೆಯಲ್ಲಿದ್ದಾರೆ, ಇಂಥ ದಿನ ಬರುತ್ತಾರೆ, ಅಲ್ಲಿಯವರೆಗೆ ಇಂಥವರು ಪಾಠ ಮಾಡುತ್ತಾರೆ’ ಎಂದು ಹೇಳಿ. ಪೋಷಕರಿಗೆ ತಿಳಿಯಬೇಕಾದದ್ದೂ ಅಷ್ಟೇ.

ಶಿಕ್ಷಕರೇ, ಆರೋಗ್ಯ ಕೆಟ್ಟಾಗ ಅರ್ಜಿ ಬರೆಯುವ ಸಮಾಧಾನ ಇರುವುದಿಲ್ಲ. ಮೇಲಿನ ಮಾದರಿಯನ್ನು ಇವತ್ತೇ ನಕಲು ಮಾಡಿ ಇಟ್ಟುಕೊಳ್ಳಿ, ಖಾತೆಯಲ್ಲಿ ಎಷ್ಟು ರಜೆ ಇದೆ ಎಂದು ಸೇವಾ ಪುಸ್ತಕ ನೋಡಿ ತಿಳಿದುಕೊಳ್ಳಿ. ಚಿಕಿತ್ಸೆ ಬೇಕಾದಾಗ ‘ಯಾರೇನು ಅಂದುಕೊಂಡಾರು’ ಎಂದು ಮುಂದಕ್ಕೆ ಹಾಕಬೇಡಿ. ರಜೆ ಇರುವುದೇ ಅದಕ್ಕೆ.